ಅಳಲಿಲ್ಲ ಎಂಬ ವರದಿ

ಕಾರವಾರದ ಕಡಲಗೋಡೆ
೨೨೦೪ನೇ ಇಸವಿ, ಹದಿಮೂರನೇ ತಿಂಗಳ ನಾಲ್ಕು

ವಾರಿಜಾ ಅಜ್ಜಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದ ಅಧಿಕ ಮಾಸವನ್ನು ನಾವು ಖಾಯಂ ಮಾಡಿಕೊಂಡಿದ್ದೇವೆ, ಅಷ್ಟೇ. ಇದು ಹಿಂದಂಚೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಮುಟ್ಟುವಾಗ ನಿಮಗೆ ಮೂವತ್ತೆರಡು, ನನಗೆ ನಲವತ್ತು. ಆದರೂ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ, ಅಜ್ಜಿ ಅಂತಲೇ ಕರೆಯುತ್ತೇನೆ.

ನೀವು ಕೆಲಸದ ಮೇಲೆ ಪರವೂರಿಗೆ ಹೋಗುವಾಗ, ಮಗಳನ್ನು ನೋಡಿಕೊಳ್ಳುವವರಿಗೆ ಬರೆದಿಟ್ಟ ಚೀಟಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಹಾಲು ಎಷ್ಟು ಹೊತ್ತಿಗೆ, ಜಡೆ ಹೇಗೆ, ಎಲ್ಲ ಬರೆದಿದ್ದೀರಿ. ನಾನು ಉಟ್ಟು ಬಿಟ್ಟ ಸೀರೆ ಒಗೆಯಬೇಡಿ, ಮಲಗುವಾಗ ಅವಳಿಗೆ ಹೊದಿಸಿ ಅಂತಲೂ ಇದೆ. ನಮ್ಮ ಮನೆ ಹೆಂಗಸರು ಈಗಲೂ ಹಾಗೇ ಮಾಡುತ್ತೇವೆ.

ನನ್ನ ಕೆಲಸ, ಸಮುದ್ರ ಊರೊಳಗೆ ನುಗ್ಗದಂತೆ ಕಟ್ಟಿರುವ ಕಡಲಗೋಡೆಯಲ್ಲಿ ಸೋರಿಕೆ ಹುಡುಕುವುದು. ತಿಂಗಳಿಗೆ ಹನ್ನೆರಡು ದಿನ ದೋಣಿಯಲ್ಲೇ ವಾಸ. ಗೋಡೆ ಪೂರಾ ಒಣಗಿದ್ದರೆ ನನಗೆ ಅನುಮಾನ ಜಾಸ್ತಿ. ನೀರು ಎಲ್ಲೋ ಒಳಗೇ ಇಳಿಯುತ್ತಿದೆ ಅಂತಲೇ ಅರ್ಥ. ಆ ದಿನಗಳಲ್ಲಿ ಆರು ವರ್ಷದ ಮಗಳು ಶಾಲ್ಮಲಾಳನ್ನು ನೋಡಿಕೊಳ್ಳುವುದು ನೆರಳಮ್ಮ. ಅಡುಗೆ ಮಾಡುವ, ಜಡೆ ಹೆಣೆಯುವ, ನನ್ನದೇ ದನಿಯಲ್ಲಿ ಮಾತಾಡುವ ಯಂತ್ರ ಅದು. ಓಣಿಯವರೆಲ್ಲ ಹೊಗಳುತ್ತಾರೆ, ನನಗೆ ಮಾತ್ರ ಮೊದಲಿಂದಲೂ ಆಗಿಬರುವುದಿಲ್ಲ. ದಿನಾ ಸಂಜೆ ದೋಣಿಗೆ ವರದಿ ಕಳಿಸುತ್ತದೆ: ಉಂಡಳು, ಆಡಿದಳು, ಅಳಲಿಲ್ಲ. ಹನ್ನೆರಡು ದಿನವೂ ಅಳಲಿಲ್ಲ. ಬಿದ್ದು ಮೊಣಕಾಲು ತರಚಿಕೊಂಡ ದಿನವೂ ಅಳಲಿಲ್ಲವಂತೆ. ಯಾರ ಕಿವಿ ಮೇಲೆ ಹೂವಿಡುತ್ತಿದೆ ಇದು ಅನ್ನಿಸಿತು.

ಹೋದ ತಿಂಗಳು ಯಾರಿಗೂ ಹೇಳದೆ ಒಂದು ದಿನ ಮೊದಲೇ ಬಂದೆ. ಮಟಮಟ ಮಧ್ಯಾಹ್ನ. ನಾನು ಬಿಟ್ಟುಹೋದ ಸೀರೆ ಒಗೆದು ಮಡಚಿ ಕಪಾಟಿನಲ್ಲಿತ್ತು, ಬರೀ ಸೋಪಿನ ವಾಸನೆ. ನಾನು ಬರುವ ದಿನ ಬೆಳಿಗ್ಗೆಯಷ್ಟೇ ಒಗೆಯುತ್ತದೆ ಅಂದುಕೊಂಡಿದ್ದೆ, ಮಗಳು ಹೊದೆಯಲು ಇನ್ನೂ ಒಂದು ರಾತ್ರಿ ಬಾಕಿಯಿತ್ತು. ಮೈ ಉರಿದುಹೋಯಿತು. ನೆರಳಮ್ಮನನ್ನು ತರಾಟೆಗೆ ತೆಗೆದುಕೊಂಡೆ. ಅದು ನನ್ನದೇ ದನಿಯಲ್ಲಿ ತಣ್ಣಗೆ ಹೇಳಿತು, ಒಗೆಸಿದ್ದು ಮಗಳೇ ಅಂತ. ಸೀರೆ ಹೊದ್ದು ಅಳುತ್ತಾಳಂತೆ. ಕಣ್ಣೀರಿನ ಕಲೆ ಅಮ್ಮನಿಗೆ ಕಾಣಬಾರದು ಅಂತ ನಾನು ಬರುವ ಹಿಂದಿನ ದಿನ ತಪ್ಪದೆ ಒಗೆಸುತ್ತಾಳಂತೆ. ವರದಿಯಲ್ಲಿ ಅಳಲಿಲ್ಲ ಅಂತ ಬರೆಸುವವಳೂ ಅವಳೇ. ನೀನು ಅತ್ತರೆ ನನಗೆ ಗೋಡೆ ಸರಿಯಾಗಿ ಕಾಣುವುದಿಲ್ಲ ಕಣೆ ಅಂತ ಒಮ್ಮೆ ಹೊರಡುವಾಗ ನಾನೇ ಅವಳಿಗೆ ಅಂದಿದ್ದೆ. ಆ ಮಾತು ನಾನು ಮರೆತೇಬಿಟ್ಟಿದ್ದೆ.

ತಿರುಗಿ ನೋಡಿದರೆ ಶಾಲ್ಮಲಾ ಬಾಗಿಲಲ್ಲಿ ನಿಂತಿದ್ದಳು. ಓಡಿ ಬರಲಿಲ್ಲ. ನಾಳೆ ಬರಬೇಕಾದವಳು ಇವತ್ತೇ ಯಾಕೆ ಬಂದೆ, ಊರೊಳಗೆ ನೀರು ಬಂತಾ ಅಂತ ಕೇಳಿದಳು.

ಅಜ್ಜಿ, ನಿಮ್ಮ ಚೀಟಿಯ ಕೊನೆಯಲ್ಲಿ ಇನ್ನೊಂದು ಸಾಲಿದೆ: ಅವಳು ಜಾಣೆ, ಅಳುವುದಿಲ್ಲ. ಅದನ್ನು ನಿಮಗೆ ಹೇಳಿದವರು ಯಾರು? ಒಂದು ಸಲ, ಯಾರಿಗೂ ಹೇಳದೆ, ಒಂದು ದಿನ ಮೊದಲೇ ಮನೆಗೆ ಹೋಗಿ. ಯಾರನ್ನೂ ಬೈಯಬೇಡಿ. ಮೊದಲು ಸೀರೆ ಮೂಸಿ ನೋಡಿ.

ನಿಮ್ಮ,
ಮೇದಿನಿ