ಪರದೆಯ ಆಚೆ ಕೇಳಿಸಿದ್ದು

ಮಾರ್ಚ್ ೧೮, ಬುಧವಾರ

ಅಮ್ಮಾ,

ನಿನ್ನ ಪತ್ರ ಸೋಮವಾರ ಬಂತು. ಫೋನ್ ಮಾಡಿದರೆ ಮಗು ಅಳುತ್ತಿದೆ ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ ಎಂದು ಶುರುಮಾಡಿದ್ದೀಯ. ನಿಜ. ಮಗು ಅಷ್ಟೊಂದು ಅಳುವುದಿಲ್ಲ.

ಚೆನ್ನಾಗಿದ್ದಾಳೆ. ಹಾಲು ಕುಡಿಯುತ್ತಾಳೆ, ತೂಕ ಏರಿದೆ. ನನ್ನ ಹೊಲಿಗೆ ಒಣಗುತ್ತಿದೆ. ನಿನ್ನ ಅಳಿಯ ರಜೆ ಹಾಕಿ ಮನೆಯಲ್ಲೇ ಇದ್ದಾರೆ, ಮಗುವಿಗೆ ಸ್ನಾನ ಮಾಡಿಸುವಾಗ ನನಗಿಂತ ಅವರ ಕೈಯೇ ಕಡಿಮೆ ನಡುಗುತ್ತದೆ. ಇಷ್ಟು ನಿನ್ನ ಸಮಾಧಾನಕ್ಕೆ. ಇನ್ನು ನೀನು ಕೇಳಿದ ಎರಡು ವಿಷಯ. ಶನಿವಾರದ ರೈಲಿಗೆ ಹೊರಟು ಬರಲೇ ಎಂಬುದು ಒಂದು. ಹೆರಿಗೆ ಕೋಣೆಯ ಆ ನರ್ಸ್ ನಿನ್ನ ಕೈಕೆಳಗೆ ಕಲಿತವಳು, ಪಾಪದವಳು, ಅವಳು ತರುವ ಕಾಗದಕ್ಕೆ ಸಹಿ ಹಾಕಿ ಅವಳ ಕೆಲಸ ಉಳಿಸಿಕೊಡು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದು ಸಾಲಿನಲ್ಲಿ ಬರೆಯಬಹುದಿತ್ತು. ಆದರೆ ನೀನು ಯಾಕೆ ಎಂದು ಕೇಳುತ್ತೀಯ.

ನೀನು ಹೆರಿಗೆ ವಾರ್ಡಿನ ಬೆಳಗಿನ ಪಾಳಿ ಮುಗಿಸಿ ಬರುವ ಹೊತ್ತಿಗೆ ನಾನೂ ತಂಗಿಯೂ ಶಾಲೆಯಿಂದ ಬಂದಿರುತ್ತಿದ್ದೆವು. ಊದಿಕೊಂಡ ಕಾಲನ್ನು ಕುರ್ಚಿಯ ಮೇಲೆ ನೀಡಿ, ಅಪ್ಪ ಕೊಟ್ಟ ಚಹಾ ಹಿಡಿದು, ಇವತ್ತು ಏನಾಯ್ತು ಗೊತ್ತಾ ಎಂದು ನೀನು ಆರಂಭಿಸಿದರೆ ನಾವು ಹೋಮ್‌ವರ್ಕ್ ಪಕ್ಕಕ್ಕಿಡುತ್ತಿದ್ದೆವು. ದಪ್ಪಗಿದ್ದ ಒಬ್ಬಳಿಗೆ, ಇಷ್ಟು ದೊಡ್ಡ ಗೋದಾಮಿನಲ್ಲಿ ಮಗುವನ್ನು ಎಲ್ಲಿ ಅಂತ ಹುಡುಕಲಿ ಎಂದಿದ್ದೆಯಂತೆ. ಅಮ್ಮಾ ಅಮ್ಮಾ ಎಂದು ಕೂಗುತ್ತಿದ್ದವಳಿಗೆ, ನಿಮ್ಮಮ್ಮ ಬಂದರೆ ಅವಳನ್ನು ಮಲಗಿಸೋಕೆ ಇನ್ನೊಂದು ಮಂಚ ಇಲ್ಲ ಎಂದಿದ್ದೆಯಂತೆ. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನೀನು ಎದ್ದು ಒಳಗೆ ಹೋದಮೇಲೆ ತಂಗಿ ಮೇಜಿನ ಮೇಲೆ ಮಲಗಿ ಕೂಗುವವಳಾಗುತ್ತಿದ್ದಳು, ನಾನು ಸೊಂಟದ ಮೇಲೆ ಕೈಯಿಟ್ಟು ನೀನಾಗುತ್ತಿದ್ದೆ. ನಿನ್ನ ಸ್ವರ ನನಗೆ ಚೆನ್ನಾಗಿ ಬರುತ್ತಿತ್ತು. ಆ ಮಂಚದ ಮೇಲೆ ನಿಜವಾಗಿ ಒಬ್ಬಳು ಮಲಗಿರುತ್ತಾಳೆ ಎಂಬುದು ನನಗೆ ಮೂವತ್ತೇಳು ವರ್ಷದವರೆಗೆ ಹೊಳೆಯಲಿಲ್ಲ. ಅದರ ತಪ್ಪು ನಿನ್ನ ಮೇಲೆ ಹೊರಿಸುತ್ತಿಲ್ಲ.

ಮೊದಲ ಸಲ ತೋರಿಸಲು ಹೋದಾಗ ಇಲ್ಲಿನ ಡಾಕ್ಟರಮ್ಮ ನನ್ನ ಮುಖ ನೋಡಲಿಲ್ಲ, ಕಾರ್ಡಿನಲ್ಲಿದ್ದ ವಯಸ್ಸು ನೋಡಿದರು. ಇಷ್ಟು ದಿನ ಏನು ಮಾಡ್ತಿದ್ರಿ ಎಂದರು. ಮೂರು ಸಲ ನಿಂತು ಮೂರು ಸಲವೂ ಹೋಯಿತು ಎಂದು ಹೇಳಿದೆ. ಹಾಗಾದ್ರೆ ಇದನ್ನೂ ಗ್ಯಾರಂಟಿ ಅಂದ್ಕೋಬೇಡಿ ಎಂದು ಹೇಳಿ ಮುಂದಿನವರನ್ನು ಕರೆದರು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಬಳಿದು ಉಪಕರಣ ಆಡಿಸುತ್ತಿದ್ದ ಡಾಕ್ಟರು ಇದ್ದಕ್ಕಿದ್ದಂತೆ, ಅಯ್ಯೋ, ಹೀಗಾಯ್ತಲ್ಲ ಎಂದು ಎದ್ದು ಹೊರಗೆ ಹೋದರು. ನಾನು ಇಪ್ಪತ್ತು ನಿಮಿಷ ಹಾಗೇ ಮಲಗಿದ್ದೆ. ಪರದೆಯ ಮೇಲೆ ಮಗು ಬೂದಿ ಬಣ್ಣದಲ್ಲಿ ನಿಂತುಬಿಟ್ಟಿತ್ತು. ಅಷ್ಟರಲ್ಲಿ ಅದಕ್ಕೆ ಮನಸ್ಸಿನಲ್ಲೇ ವಿದಾಯ ಹೇಳಿ ಮುಗಿಸಿದ್ದೆ. ವಾಪಸ್ಸು ಬಂದವರು, ತಮ್ಮ ಮಗಳಿಗೆ ಗಣಿತದಲ್ಲಿ ಕಡಿಮೆ ಅಂಕ ಬಂದಿದೆಯೆಂದು ಫೋನಿಗೆ ಸುದ್ದಿ ಬಂದದ್ದನ್ನು ಸಹಾಯಕಿಯ ಹತ್ತಿರ ಹೇಳಿಕೊಂಡು, ನಿಮ್ಮದೆಲ್ಲ ಸರಿ ಇದೆ, ಏಳಿ ಎಂದರು. ಅವತ್ತು ಬಸ್ ನಿಲ್ದಾಣದಿಂದಲೇ ನಿನಗೆ ಫೋನ್ ಮಾಡಿದ್ದೆ, ನೆನಪಿದೆಯಾ. ನೀನು ಜೋರಾಗಿ ನಕ್ಕೆ. ಆಮೇಲೆ ಅದನ್ನು ತಂಗಿಗೂ ಹೇಳಿ ನಗಿಸಿದೆಯಂತೆ. ಈ ಸಲ ಕಥೆ ನನ್ನದಾಗಿತ್ತು ಅಷ್ಟೆ.

ಇನ್ನು ಹೆರಿಗೆಯ ದಿನ. ಇದನ್ನು ನಿನಗೆ ಫೋನಿನಲ್ಲಿ ಹೇಳಿಲ್ಲ. ನಿನ್ನ ಶಿಷ್ಯೆ ಹೇಳಿರುವುದು ಬೇರೆಯೇ ಇರಬೇಕು.

ನನ್ನನ್ನು ಒಳಗೆ ಕರೆದುಕೊಂಡಾಗ ಬೆಳಿಗ್ಗೆ ಹನ್ನೊಂದು. ಎರಡು ಮಂಚದ ಕೋಣೆ, ನಡುವೆ ತಂತಿಗೆ ನೇತುಹಾಕಿದ ಹಸಿರು ಪರದೆ. ಮಗುವಿನ ಎದೆಬಡಿತ ಕೇಳಿಸುವ ಯಂತ್ರ ಒಂದೇ ಒಂದು, ಗಾಲಿಯ ಮೇಲೆ ಅದನ್ನು ಆಚೆ ಈಚೆ ತಳ್ಳುತ್ತಿದ್ದರು. ಪರದೆಯ ಆಚೆ ಇದ್ದವಳು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಗಂಡ ಹೆಂಡತಿ ಸೇರಿ ಯಾವುದೋ ಕಟ್ಟಡದ ಮೆಟ್ಟಿಲ ಕೆಳಗೆ ಇಸ್ತ್ರಿ ಅಂಗಡಿ ಇಟ್ಟಿದ್ದಾರೆ. ಚೊಚ್ಚಲು. ಬೆಳಿಗ್ಗೆಯಿಂದ ಮಗು ಒದೀತಿಲ್ಲ ಎಂದು ಅವಳು ಹೇಳುತ್ತಲೇ ಇದ್ದಳು. ಮೊದಲ ಸಲ ಹೇಳಿದಾಗ ನಿನ್ನ ಶಿಷ್ಯೆ, ನಿನ್ನ ಕಿರುಚಾಟ ಕೇಳಿ ಅದಕ್ಕೂ ಸುಸ್ತಾಗಿರುತ್ತೆ ಎಂದಳು. ಎರಡನೆಯ ಸಲ, ನರ್ಸ್ ನೀನೋ ನಾನೋ ಎಂದು ಕೇಳಿದಳು. ಮೂರನೆಯ ಸಲ ಬೆನ್ನು ತಿರುಗಿಸಿ ಟ್ರೇಯಲ್ಲಿದ್ದ ಕತ್ತರಿಗಳನ್ನು ಎಣಿಸತೊಡಗಿದಳು. ನಾಲ್ಕನೆಯ ಸಲ ಆ ಹುಡುಗಿ ಕೂಗಲಿಲ್ಲ, ಮೆಲ್ಲಗೆ, ಒಂದ್ಸಲ ನೋಡಿಬಿಡಿ ಸಿಸ್ಟರ್, ಆಮೇಲೆ ಕೇಳಲ್ಲ ಎಂದಳು. ಅದಕ್ಕೆ ನಿನ್ನ ಶಿಷ್ಯೆ ಗೊಣಗುತ್ತಾ ಯಂತ್ರವನ್ನು ಅವಳ ಮಂಚದ ಹತ್ತಿರ ತಳ್ಳಿಕೊಂಡು ಹೋದಳು. ಪ್ಲಗ್ ಹಾಕುವುದು ಪರದೆಯ ಸಂದಿನಿಂದ ನನಗೆ ಕಾಣುತ್ತಿತ್ತು.

ಅದೇ ಹೊತ್ತಿಗೆ ನನಗೆ ದೊಡ್ಡ ನೋವು ಬಂತು. ಕೂಗಿದೆ. ನಾನು ಹಾಗೆ ಕೂಗುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ನಿನ್ನ ಶಿಷ್ಯೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

"ಒಂಬತ್ತು ತಿಂಗಳ ಹಿಂದೆ ಹೀಗೆ ಕೂಗಿದ್ರೆ ಇಲ್ಲಿಗೆ ಬರೋ ಕೆಲಸಾನೇ ಇರ್ತಿರ್ಲಿಲ್ಲ."

ಅಮ್ಮಾ, ಅದು ನಿನ್ನ ಮಾತು. ಒಂದಕ್ಷರ ಆಚೀಚೆ ಇಲ್ಲದೆ ನಿನ್ನದು. 'ಕೆಲಸಾನೇ' ಎನ್ನುವಲ್ಲಿ ನೀನು ಎಳೆಯುವ ಎಳೆತ ಸಹ ಹಾಗೇ ಇತ್ತು. ನಮ್ಮ ಮನೆಯ ಮೇಜಿನ ಸುತ್ತ ನೂರು ಸಲ ನಕ್ಕ ಮಾತು ಮೊಣಕಾಲು ಮಡಚಿ ಬೆತ್ತಲೆ ಮಲಗಿದವಳ ಮೇಲೆ ಬಂದು ಬಿದ್ದಾಗ ಹೇಗಿರುತ್ತದೆ ಎಂದು ಅವತ್ತು ತಿಳಿಯಿತು. ನಿನ್ನ ಮೇಲೆ ಅಸಹ್ಯವೇ ಬಂತು. ಅದೇ ಉಸಿರಿನಲ್ಲಿ ನಿನ್ನ ಹೆಸರನ್ನೇ ಹಿಡಿದುಕೊಂಡೆ. ನಾನು ದೊಡ್ಡ ಸಿಸ್ಟರ್ ಮಗಳು, ಈ ಮಾತು ನಮ್ಮಮ್ಮಂದು ಎಂದೆ. ಯಾವ ಆಸ್ಪತ್ರೆ, ಎಷ್ಟು ವರ್ಷ, ಎಲ್ಲವನ್ನೂ ಹಲ್ಲು ಕಚ್ಚಿಕೊಂಡು ಹೇಳಿದೆ.

ಅವಳ ಮುಖ ಹೇಗೆ ಬದಲಾಯಿತು ಎಂದರೆ ನಿನಗೆ ಹೆಮ್ಮೆಯಾಗಬೇಕು. 'ನೀನು' ಹೋಗಿ 'ನೀವು' ಆಯಿತು. ಅಕ್ಕಾ, ಮೊದಲೇ ಹೇಳಬಾರದಿತ್ತಾ ಎಂದು ನನ್ನ ಹಣೆ ಒರೆಸಿದಳು. ಕೆಳಗೆ ಹೊರರೋಗಿಗಳನ್ನು ನೋಡುತ್ತಿದ್ದ ಡಾಕ್ಟರಮ್ಮನನ್ನು ಕರೆಸಿದಳು. ಆಮೇಲೆ ಯಂತ್ರದ ಪ್ಲಗ್ ಕಿತ್ತು, ಅದನ್ನು ಪರದೆಯ ಈಚೆ ನನ್ನ ಕಡೆಗೆ ತಂದಳು.

ಬೇಡ, ಅವಳಿಗೆ ಮೊದಲು ನೋಡಿ ಎಂದು ನಾನು ಹೇಳಲಿಲ್ಲ. ನೋವಿನಲ್ಲಿ ತೋಚಲಿಲ್ಲ ಎಂದು ನಿನ್ನ ಅಳಿಯನಿಗೆ ಹೇಳಿದ್ದೇನೆ. ತೋಚಿತ್ತು.

ಪಟ್ಟಿ ಕಟ್ಟಿ ಗುಂಡಿ ಒತ್ತಿದ ತಕ್ಷಣ ಕೋಣೆಯ ತುಂಬ ಟಕಟಕ ಟಕಟಕ ಎಂದು ಸದ್ದು. ನನ್ನ ಮಗಳ ಎದೆಬಡಿತ. ಮೂರು ಕಳೆದುಕೊಂಡವಳಿಗೆ ಅದು ಏನು ಎಂದು ನಿನಗೂ ಗೊತ್ತಿರಲಾರದು. ಆಗ ಪರದೆಯ ಆಚೆಯಿಂದ ಆ ಹುಡುಗಿ ಕೇಳಿದಳು:

"ಸಿಸ್ಟರ್, ಅದು ನನ್ನ ಮಗುದಾ?"

"ಹೂಂ, ನಿಂದೇ. ಕೇಳಿಸ್ತಲ್ಲ, ಇನ್ನು ಸುಮ್ನಿರು."

ಹಾಗೆ ಹೇಳಿ ನಿನ್ನ ಶಿಷ್ಯೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು, ಮನೆಯವರ ಹತ್ತಿರ ಮಾಡುವ ಹಾಗೆ. ಆ ಹುಡುಗಿ ನಿಜವಾಗಿಯೂ ಸುಮ್ಮನಾದಳು. ಮಧ್ಯೆ ಒಮ್ಮೆ ಚಿಕ್ಕದಾಗಿ ನಕ್ಕ ಹಾಗೂ ಕೇಳಿಸಿತು. ಐವತ್ತು ನಿಮಿಷ ಅವಳು ನನ್ನ ಮಗಳ ಎದೆಬಡಿತ ಕೇಳುತ್ತಾ ಮಲಗಿದ್ದಳು. ಐವತ್ತು ನಿಮಿಷ ಅವಳ ಹತ್ತಿರ ಯಾರೂ ಹೋಗಲಿಲ್ಲ.

ನನ್ನ ಮಗಳು ಒಂದು ಗಂಟೆಗೆ ಹುಟ್ಟಿದಳು. ಯಂತ್ರವನ್ನು ಆಚೆ ಒಯ್ದು ಹಚ್ಚಿದಾಗ ಬರೀ ಗರಗರ. ಪಟ್ಟಿ ಸರಿಸಿ ನೋಡಿದರು, ಮತ್ತೆ ಸರಿಸಿ ನೋಡಿದರು. ನನಗೆ ಹೊಲಿಗೆ ಹಾಕುತ್ತಿದ್ದ ಡಾಕ್ಟರಮ್ಮ ಕತ್ತರಿ ಕೆಳಗಿಟ್ಟು ಓಡಿದರು. ಎರಡೂವರೆಗೆ ಅವಳ ಗಂಡುಮಗುವನ್ನು ತೆಗೆದರು. ಮಗುವನ್ನು ಬಟ್ಟೆಯಲ್ಲಿ ಸುತ್ತುತ್ತಿರುವಾಗಲೇ ಡಾಕ್ಟರಮ್ಮ ಆ ಹುಡುಗಿಗೆ, ಚಿಕ್ಕ ವಯಸ್ಸು, ಮುಂದಿನ ವರ್ಷ ಇನ್ನೊಂದಾಗುತ್ತೆ ಎಂದರು. ಆಯಾ ಬಂದು ನನ್ನ ಮಗುವನ್ನು ಎತ್ತಿಕೊಂಡು, ನಿಮಗೆ ಅದೃಷ್ಟ ಅಕ್ಕಾ, ಒಂದೇ ಕೋಣೇಲಿ ಒಂದು ಉಳಿದರೆ ಇನ್ನೊಂದು ಹೋಗುತ್ತೆ ಅಂತಾರೆ ಎಂದಳು. ಅಲ್ಲಿ ಯಾರಿಗೂ ದನಿ ತಗ್ಗಿಸುವ ಅಭ್ಯಾಸವಿಲ್ಲ.

ಆಮೇಲೆ ನಮ್ಮಿಬ್ಬರನ್ನೂ ಒಂದೇ ವಾರ್ಡಿನಲ್ಲಿ, ಎರಡು ಮಂಚದ ಅಂತರದಲ್ಲಿ ಹಾಕಿದರು. ಅವಳಿಗೂ ಹಾಲು ಬಂದಿತ್ತು. ನನ್ನ ಮಗಳು ಅತ್ತರೆ ಅವಳ ರವಿಕೆ ಒದ್ದೆಯಾಗುತ್ತಿತ್ತು. ಔಷಧಿ ಕೊಡಲು ಬಂದ ನರ್ಸ್ ಅದನ್ನು ನೋಡಿ, ನೆಲ ಒದ್ದೆ ಮಾಡ್ಬೇಡ, ಬಟ್ಟೆ ಇಟ್ಕೋ ಎಂದಳು. ನೋಡಲು ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು. ಚೆನ್ನಾಗೇ ಇದ್ದ, ಎದೆ ಜೋರಾಗಿ ಹೊಡ್ಕೋತಿತ್ತು, ಒಂದು ಗಂಟೆ ಹೊತ್ತು ನಾನೇ ಕೇಳಿದೀನಿ. ಹಾಗೆ ಹೇಳುವಾಗ ಅವಳ ಮುಖದಲ್ಲಿ ಒಂದು ಬೆಳಕು ಬರುತ್ತಿತ್ತು. ಬಿಡುಗಡೆಯ ದಿನ ನನ್ನ ಮಂಚದ ಹತ್ತಿರ ಬಂದು ನಿಂತು ಕೇಳಿದಳು:

"ನೀವೂ ಕೇಳಿಸಿಕೊಂಡ್ರಲ್ಲಾ ಅಕ್ಕಾ?"

ಹೂಂ ಎಂದೆ.

ಅವಳ ಗಂಡ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಅಷ್ಟು ಚೆನ್ನಾಗಿ ಹೊಡೆದುಕೊಳ್ಳುತ್ತಿದ್ದ ಎದೆ ಹೇಗೆ ನಿಂತಿತು ಎಂದು ಕೇಳಿ ದೂರು ಕೊಟ್ಟ. ತನಿಖೆ ಶುರುವಾಯಿತು. ಬಡಿತದ ಗೆರೆ ಮೂಡಿ ಯಂತ್ರದಿಂದ ಬಂದ ಕಾಗದದ ಸುರುಳಿಯ ಮೇಲೆ ನನ್ನ ಹೆಸರು ಬರೆದಿರಲಿಲ್ಲ. ಅದು ಈಗ ಆ ಹುಡುಗಿಯ ಫೈಲಿನಲ್ಲಿದೆ. ನಿನ್ನ ಪಾಪದ ಶಿಷ್ಯೆ ಮಾಡಿದ ಕೆಲಸ. ಮೊದಲು ಆ ಹುಡುಗಿಗೆ ಯಂತ್ರ ಹಚ್ಚಿದ್ದರು, ಬಡಿತ ಸರಿಯಾಗಿತ್ತು, ಪಕ್ಕದ ಮಂಚದಲ್ಲಿದ್ದ ನಾನು ಅದನ್ನು ಕೇಳಿದ್ದೇನೆ ಎಂದು ನಾನು ಬರೆದುಕೊಟ್ಟರೆ ಎಲ್ಲ ಮುಗಿಯುತ್ತದೆ. ನೀನು ಸಹಿ ಹಾಕು ಎನ್ನುತ್ತಿರುವುದು ಇದಕ್ಕೆ. ಇದರಲ್ಲಿ ಏನಿದೆ ಎಂದು ತಿಳಿದೇ ಬರೆದೆಯೋ, ತಿಳಿಯದೆ ಬರೆದೆಯೋ? ತಿಳಿದೇ ಎಂದು ನನ್ನ ಅನುಮಾನ. "ಕೈ ತುಂಬ ಕೆಲಸ ಇರುವಾಗ ಇಂಥದ್ದೆಲ್ಲ ಆಗುತ್ತೆ, ನನ್ನ ಕಾಲದಲ್ಲೂ ಆಗಿದೆ" ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನಿನ್ನ ಕಾಲದಲ್ಲಿ ಎಷ್ಟು ಅಮ್ಮಾ? ಆ ದಿನಗಳಲ್ಲೂ ಮನೆಗೆ ಬಂದು ನಮ್ಮನ್ನು ನಗಿಸಿದ್ದೆಯಾ?

ನೀನು ಶನಿವಾರ ಬರಬೇಡ. ಮುಂದಿನ ತಿಂಗಳೂ ಬರಬೇಡ. ನನ್ನ ಮಗಳನ್ನು ನಿನ್ನ ಕೈಯಲ್ಲಿ ಕೊಡಲು ನನಗೆ ಮನಸ್ಸಿಲ್ಲ. ಅವಳು ನಿನ್ನ ಮಾತುಗಳನ್ನು ಕೇಳಿ ನಗುತ್ತಾ ಬೆಳೆಯುವುದು ಬೇಡ. ಸಾವಿರಾರು ಮಕ್ಕಳನ್ನು ಈ ಕೈಯಲ್ಲಿ ಎತ್ತಿಕೊಂಡಿದ್ದೇನೆ, ಸ್ವಂತ ಮೊಮ್ಮಗಳನ್ನು ಎತ್ತಬಾರದಾ ಎಂದು ನೀನು ಅಳಬಹುದು. ಅಳು. ಯಾರೂ ನಿನಗೆ ಸುಮ್ಮನಿರು ಎಂದು ಗದರುವುದಿಲ್ಲ.

ಅಪ್ಪನಿಗೆ ಇದನ್ನು ಓದಿ ಹೇಳಬೇಡ.

ಇಂತಿ,
ನಿನ್ನ ಹಾಗೆ ಮಾತಾಡಲು ಬರುವ ದೊಡ್ಡ ಮಗಳು

ತಾ.ಕ.: ಸಹಿಯ ವಿಷಯ ಬರೆಯದೆ ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ಪತ್ರ ಬರುವ ಮೂರು ದಿನ ಮೊದಲೇ ನಿನ್ನ ಶಿಷ್ಯೆ ಕಾಗದ ಹಿಡಿದು ಬಂದಿದ್ದಳು. ಸಹಿ ಹಾಕಿದ್ದೇನೆ. ಆ ಹುಡುಗಿಗೆ ಉಳಿದಿರುವುದು ಆ ಸದ್ದೊಂದೇ, ಅದನ್ನೂ ಹೇಗೆ ಕಿತ್ತುಕೊಳ್ಳಲಿ ಎಂದು ನಿನ್ನ ಅಳಿಯನಿಗೆ ಹೇಳಿದೆ, ಅವರು ನನ್ನ ಒಳ್ಳೆಯತನ ನೋಡಿ ಕಣ್ಣೊರೆಸಿಕೊಂಡರು. ನಿಜ ಏನೆಂದರೆ, ಯಂತ್ರ ಯಾರ ಮಾತಿಗೆ ಈಚೆ ಬಂತು ಎಂದು ವಿಚಾರಣೆಯಲ್ಲಿ ಕೇಳುತ್ತಾರೆ ಅಕ್ಕಾ ಎಂದು ನಿನ್ನ ಶಿಷ್ಯೆ ಹೇಳಿದಳು. ಪೆನ್ನು ಅವಳೇ ಕೊಟ್ಟಳು. ದೂರು ವಜಾ ಆಯಿತಂತೆ. ನಿನ್ನೆ ಮಧ್ಯಾಹ್ನ ಇಸ್ತ್ರಿ ಅಂಗಡಿಯ ಹುಡುಗಿ ವಿಳಾಸ ಹುಡುಕಿಕೊಂಡು ಮನೆಗೆ ಬಂದಳು. ನಾನು ಬರೆದುಕೊಟ್ಟಿದ್ದಕ್ಕೆ ಕೈಮುಗಿದಳು. ಈಗ ಆ ಸದ್ದು ಸರಿಯಾಗಿ ನೆನಪಿಗೆ ಬರುತ್ತಿಲ್ಲ, ಹೇಗಿತ್ತು ಅಂತ ಒಂದ್ಸಲ ಹೇಳಿ ಎಂದಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದೆ. ಕಣ್ಣು ಮುಚ್ಚಿ ಕೇಳಿದಳು. ನಾಳೆಯೂ ಬರುತ್ತಾಳೆ.