ಟೀಚರಮ್ಮನ ಪುಟ್ಟ ಕಂಪ್ಯೂಟರ್

ನವೆಂಬರ್ ೧೧, ಮಂಗಳವಾರ

ಟೀಚರಮ್ಮನ ಮಾತು ಇನ್ನೂ ಕಿವಿಯಲ್ಲೇ ಇದೆ. ಅವರ ಮನೆಯ ಅಗ್ಗದ ಪುಟ್ಟ ಕಂಪ್ಯೂಟರನ್ನು ಕೂರಿಸಿಕೊಟ್ಟವನು ನಾನೇ. ಪದೇ ಪದೇ ರಿಪೇರಿಗೆ ಓಡುವುದು ತಪ್ಪಲೆಂದು, ಆಫ್ ಮಾಡಿದೊಡನೆ ಬರೆದದ್ದೆಲ್ಲ ಅಳಿಸಿ ಮೊದಲಿನಂತಾಗುವ ಹಾಗೆ ಮಾಡಿದ್ದೆ. ಅದನ್ನು ಅವರಿಗೆ ಹೇಳಲು ಮರೆತಿದ್ದೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಇವತ್ತು ಕೀಬೋರ್ಡ್ ಬದಲಿಸಲು ಹೋದಾಗ ಮೆಲ್ಲಗೆ ಹೇಳಿದರು: “ದಿನಾ ಸಂಜೆ ಇದರಲ್ಲೇ ನಮ್ಮನೆಯವರಿಗೊಂದು ಕಾಗದ ಬರೆದಿಡ್ತೀನಪ್ಪ. ಬೆಳಿಗ್ಗೆ ನೋಡಿದ್ರೆ ಇರಲ್ಲ. ತಗೊಂಡು ಹೋಗಿರ್ತಾರೆ.”

ಅವರ ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ನಿಜ ಹೇಳದೆ ಹೊಸ ಕೀಬೋರ್ಡ್ ಜೋಡಿಸಿ, “ಹೌದಮ್ಮ” ಎಂದು ಎದ್ದುಬಂದೆ.

ಈಗ ನನ್ನ ಕಂಪ್ಯೂಟರಿನಲ್ಲಿ, ತೀರಿಹೋದ ಅಪ್ಪನಿಗೆ ಎರಡು ಸಾಲು ಬರೆದಿಟ್ಟಿದ್ದೇನೆ. ಇದರಲ್ಲಿ ಬರೆದದ್ದು ತಾನಾಗಿ ಅಳಿಯುವುದಿಲ್ಲ, ಅದು ನನಗೆ ಗೊತ್ತು. ಆದರೂ ಬೆಳಿಗ್ಗೆ ಎದ್ದ ಕೂಡಲೇ ನೋಡದೆ ಇರಲಾರೆ. ಅಲ್ಲೇ ಇದ್ದರೆ, ಅಪ್ಪ ಇನ್ನೂ ಬಂದಿಲ್ಲ ಎಂದುಕೊಳ್ಳುತ್ತೇನೆ.