ಪೈಲ್ವಾನನಿಗೆ ಓಣಿಯ ಬೊಗಸೆ

ಫೆ. 3, ಸೋಮವಾರ
ಪೈಲ್ವಾನನಿಗೆ ಜೋಳದ ಒಣದಂಟಿನ ಕಣಕಿ ಕತ್ತರಿಸಿ ಹಾಕಿದೆ. ತಿಂದ. ನೀರು ಕುಡಿದ. ನನ್ನ ಸೆರಗಿಗೂ ಬಾಯಿ ಹಾಕಿದ — ಕಳ್ಳ. ತಾಯಿ ಸತ್ತ ಮರಿ. ಬಾಟಲಿ ಹಾಲು ಕುಡಿಸಿ ಸಾಕಿದ್ದು ನಾನು. ಈಗ ಊರಿಗೆಲ್ಲ ಗಂಡನ ಹೆಸರಲ್ಲೇ ‘ಕುಬೇರಪ್ಪನ ಟಗರು’!

ಮನೆಯವರು ಗಿಣಿಗೇರಾ ಫ್ಯಾಕ್ಟರಿಯಿಂದ ಬಂದವರೇ ಹೇಳಿದರು — ಹದಿನಾರಕ್ಕೆ ಕುಕನೂರಲ್ಲಿ ಟಗರಿನ ಕಾಳಗ, ಹೆಸರು ಕೊಟ್ಟಾಗಿದೆ. ನನ್ನನ್ನು ಕೇಳಲೇ ಇಲ್ಲ. ಸಿಟ್ಟು ನುಂಗಿಕೊಂಡೆ.

ಫೆ. 9, ರವಿವಾರ, ಸಂಜೆ
ಯಲಬುರ್ಗಾಕ್ಕೆ, ತವರಿಗೆ ಹೋಗಿದ್ದೆ. ಬರುವಷ್ಟರಲ್ಲಿ ಮೆರವಣಿಗೆ ಮುಗಿದಿತ್ತು. ಕಾಳಗಕ್ಕೆ ಹೋಗುವ ಟಗರನ್ನು ಓಣಿ ಸುತ್ತಿಸೋದು, ಪ್ರತಿ ಮನೆಯವರೂ ಬೊಗಸೆ ಕಾಳು ತಿನ್ನಿಸೋದು — ನಮ್ಮಲ್ಲಿ ರೂಢಿ. ಮೆಕ್ಕೆಜೋಳ, ಕೆಲವರು ಬೆಲ್ಲ. ಯಾರೂ ಹೆಚ್ಚು ಕೊಟ್ಟಿಲ್ಲ, ಒಂದೇ ಬೊಗಸೆ! ಎಲ್ಲ ಬೊಗಸೆ ಕೂಡಿಸಿ ನೋಡಿದವರು ಮಾತ್ರ ಯಾರೂ ಇಲ್ಲ.

ಪಕ್ಕದ ಮನೆ ಹಂಪವ್ವ ಖುಷಿಯಲ್ಲಿದ್ದಳು. "ನಿನ್ನ ಮಗ ಎಷ್ಟ್ ಛಲೋ ತಿಂದ ನೋಡವ್ವ!"

ಫೆ. 10, ಸೋಮವಾರ
ಪೈಲ್ವಾನ ಎದ್ದೇ ಇಲ್ಲ. ಹಲ್ಲು ಕಡಿಯುತ್ತಾನೆ. ಎಡಗಡೆ ಹೊಟ್ಟೆ ಉಬ್ಬಿದೆ. ನೀರಿನಂಥ ಭೇದಿ, ಹುಳಿ ವಾಸನೆ, ಕಾಳು ಹಾಗೇ ಹೊರಗೆ. ಮೆಲುಕು ಇಲ್ಲ...

"ದೃಷ್ಟಿ ತಾಗೈತಿ" ಎಂದು ಮನೆಯವರು ನಿಂಬೆಹಣ್ಣು ತಂದರು. ಕಸಿದು ಎಸೆದೆ. ದನದ ಡಾಕ್ಟರ್ ಮೆಹಜಬೀನ ಅವರಿಗೆ ಫೋನ್ ಮಾಡಿದೆ. ಬಂದರು, ಸಲೈನ್ ಏರಿಸಿದರು, ಅಡುಗೆ ಸೋಡಾ ಕಲಸಿದ ನೀರು ಕುಡಿಸಿದರು.

"ನೋಡ್ರಿ ಅಮರಮ್ಮ, ಬೆಲ್ಲದಾಗಿನ ಸಕ್ಕರಿ, ಮೆಕ್ಕೆಜೋಳದಾಗಿನ ಪಿಷ್ಟ, ಕಣಕಿಯೊಳಗಿನ ನಾರು — ಮೂರೂ ಕಾರ್ಬೋಹೈಡ್ರೇಟೇ ರಿ. ಮೂರೂ ಬಲ ಕೊಡ್ತಾವ. ನಾರು ನಿಧಾನಕ ಕರಗತೈತಿ, ಮೆಲುಕು ಹಾಕಸ್ತೈತಿ. ಸಕ್ಕರಿ, ಪಿಷ್ಟ ಒಮ್ಮೆಲೆ ಬಿದ್ರ ಹೊಟ್ಟಿಯೆಲ್ಲ ಹುಳಿ ಆಗತೈತಿ."

"ಹಂಗಾದ್ರ ಕಾಳು ಹಾಕಬಾರದೇನ್ರಿ?"

"ಹಾಕ್ರಿ. ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ. ಓಣಿ ತುಂಬ ಅಲ್ಲ."

ಉಳೀತಾನೇನ್ರಿ ಅಂದೆ. ಅವರು ಇನ್ನೊಂದು ಬಾಟಲಿ ಸಲೈನ್ ತೂಗುಹಾಕಿದರು.

ಫೆ. 14, ಶುಕ್ರವಾರ
ಇಷ್ಟು ದಿನ ಬರೆಯುವ ಮನಸ್ಸಿರಲಿಲ್ಲ.

ಇವತ್ತು ಎದ್ದು ನಿಂತ. ಒಂದೆಳೆ ಕಣಕಿ ಎಳೆದುಕೊಂಡ. ಸಂಜೆ ಕುತ್ತಿಗೆಯಲ್ಲಿ ಉಂಡೆ ಮೇಲೆ ಬಂತು, ದವಡೆ ಆಡಿತು — ಮೆಲುಕು! ಅತ್ತುಬಿಟ್ಟೆ. ಮನೆಯವರೂ ಕಣ್ಣೊರೆಸಿಕೊಂಡರು. ಪಾಪ ಅನ್ನಿಸಿತು, ಒಂದು ಗಳಿಗೆ.

ಆಮೇಲೆ ಅಂದರು: "ಎರಡು ದಿನ ಕಾಳು ಹಾಕಿದ್ರ ರವಿವಾರ ಕಾಳಗಕ್ಕ ನಿಂದರತಾನ. ಹೋಗಲಿಲ್ಲಂದ್ರ ಓಣ್ಯಾಗ ನನ್ನ ಮಾರಿ, ಮರ್ಯಾದಿ ಉಳೀತೈತೇನು?"

"ನಿಮ್ಮ ಮಾರಿ ಉಳಸಾಕ ಇವನ ಜೀವಾ ಕೊಡಂಗಿಲ್ರಿ."

ಮೆಕ್ಕೆಜೋಳದ ಚೀಲ ಹೊತ್ತೊಯ್ದು ಹಂಪವ್ವನ ಕೋಳಿಗಳಿಗೆ ಕೊಟ್ಟು ಬಂದೆ. ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ಫೆ. 16, ರವಿವಾರ, ಬೆಳಿಗ್ಗೆ
ನಾನು, ಪೈಲ್ವಾನ — ಇಬ್ಬರೂ ಅಡುಗೆಮನೆಯಲ್ಲಿ. ಒಳಗಿಂದ ಚಿಲಕ ಹಾಕಿದ್ದೇನೆ. ಹೊರಗೆ ಮೆರವಣಿಗೆಯ ಹಲಗೆ ಬಾರಿಸುತ್ತಿದ್ದಾರೆ. ಇವನನ್ನು ಕುಕನೂರಿಗೆ ಒಯ್ಯಲು ಟಂಟಂ ಆಟೋ ಬಂದಿದೆ, ಓಣಿಯೂ ಬಂದಿದೆ.

"ಅಮರೀ, ಮರ್ಯಾದಿ ತೆಗೀಬ್ಯಾಡ. ಬಾಗಲಾ ತಗಿ."

"ತಗಿಯಂಗಿಲ್ರಿ! ಕಾಳಗ ಬೇಕಂದ್ರ ನೀವ ಇಳೀರಿ. ಓಣಿಯವರು ನಿಮಗ ಒಂದೊಂದು ಬೊಗಸಿ ತಿನ್ನಸ್ತಾರ!"

ಯಾರೋ ಕಿಸಕ್ಕನೆ ನಕ್ಕರು. ಹಂಪವ್ವನೇ. ಆಮೇಲೆ ಇನ್ನೂ ಕೆಲವರು. ಹಲಗೆ ನಿಂತಿತು.

ಇವನಿಗೆ ಯಾವುದರ ಪರಿವೆಯೂ ಇಲ್ಲ. ಒಲೆ ಪಕ್ಕ ಮಲಗಿ ಮೆಲುಕು ಹಾಕುತ್ತಿದ್ದಾನೆ.

ಟಂಟಂ ಹೋದ ಸದ್ದು. ಈಗ ಮನೆಯವರು ಮೆಲ್ಲಗೆ ಬಾಗಿಲು ತಟ್ಟುತ್ತಿದ್ದಾರೆ. "ಅಮರೀ... ಎಲ್ಲಾರನ್ನೂ ಕಳಿಸೀನಿ. ಅವಂಗ ಕಣಕಿ ತಂದೀನಿ."

ಮೊದಲು ಕಿಟಕಿಯಿಂದ ಕಣಕಿ ತೋರಿಸಲಿ. ಆಮೇಲೆ ಚಿಲಕ ತೆಗೆಯುವ ಮಾತು.